ನಡುವಿನ ಎರಡು ಸಿಲಿಂಡರ್

ಯುಗಾದಿಗೆ ಮಂಡ್ಯಕ್ಕೆ ಹೋಗಿದ್ದಾಗ ಸೋದರಮಾವ ತಮ್ಮ ಅಂಬಾಸಿಡರ್‌ನ ಬಾನೆಟ್ ಎತ್ತಿ, ಎಂಜಿನ್ ಚಾಲೂ ಮಾಡಿ ನನ್ನನ್ನು ಹತ್ತಿರ ಕರೆದರು. "ಕೇಳು, ಟ್ಯಾಪೆಟ್ ಸದ್ದೇ ಇಲ್ಲ. ನಲವತ್ತು ವರ್ಷದ ಎಂಜಿನ್ ಇಷ್ಟು ನುಣ್ಣಗೆ ಓಡುವುದನ್ನು ಬೇರೆಲ್ಲಾದರೂ ನೋಡಿದ್ದೀಯಾ?" ಎಂದರು. ಒಬ್ಬಟ್ಟಿನ ಮಂಪರಿನಲ್ಲಿದ್ದ ನಾನೂ ತಲೆದೂಗಿದೆ. ಆ ಮಾತನ್ನು ಅಲ್ಲಿಗೇ ಮರೆತೆ. ಮರೆಯದಿದ್ದರೆ ಮುಂದೆ ನನ್ನ ಮೂರು ಭಾನುವಾರಗಳು ಉಳಿಯುತ್ತಿದ್ದವು.

ಎರಡು ತಿಂಗಳ ನಂತರ ಮಾವ ಮೊಮ್ಮಕ್ಕಳನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತಿದರು. ಮೊದಲೆಲ್ಲ ಮೂರನೆಯ ಗೇರಿನಲ್ಲಿ ಗುನುಗುತ್ತ ಹತ್ತುತ್ತಿದ್ದ ಗಾಡಿ ಅಂದು ಎರಡನೆಯ ಗೇರಿಗೂ ಒಗ್ಗದೆ ಕೊನೆಯ ತಿರುವುಗಳಲ್ಲಿ ಮೊದಲನೆಯ ಗೇರು ಕೇಳಿತಂತೆ. ಇಳಿದವರೇ ನೇರ ಮೈಸೂರಿನ ಹೆಬ್ಬಾಳದ ನಮ್ಮ ಮನೆಗೆ ಬಂದು ಗಾಡಿ ನಿಲ್ಲಿಸಿ, "ಇದಕ್ಕೆ ವಯಸ್ಸಾಯಿತೋ ನನಗೋ ನೋಡು" ಎಂದು ಹೇಳಿ ಬಸ್ಸಿನಲ್ಲಿ ಮಂಡ್ಯಕ್ಕೆ ಹೋದರು.

ನಾನು ಗ್ಯಾರೇಜಿನವನಲ್ಲ. ಇಪ್ಪತ್ತೆರಡು ವರ್ಷದಿಂದ ಇಲ್ಲಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಗಾಳಿಯ ಕಂಪ್ರೆಸರ್, ಪಂಪುಗಳ ದುರಸ್ತಿ ನನ್ನ ಕೆಲಸ. ಕಾರಿನ ಎಂಜಿನ್ ಎಂದರೆ ನನ್ನ ಕಣ್ಣಿಗೆ ಬೆಂಕಿ ಹಚ್ಚಿದ ಕಂಪ್ರೆಸರ್, ಅಷ್ಟೇ. ಗಾಳಿಯನ್ನು ಎಳೆದುಕೊಳ್ಳಬೇಕು, ಹಿಡಿದಿಟ್ಟು ಒತ್ತಬೇಕು, ಬಿಡಬೇಕು. ಎಲ್ಲಿ ಹಿಡಿತ ತಪ್ಪಿದೆ ಎಂಬುದನ್ನು ಹುಡುಕುವುದು ನನಗೆ ಹೊಟ್ಟೆಪಾಡು.

ಗಾಡಿ 1984ರ ಮಾರ್ಕ್ 4. ಪೆಟ್ರೋಲ್ ಎಂಜಿನ್, 1489 ಸಿಸಿ, ನಾಲ್ಕು ಸಿಲಿಂಡರ್. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನಿಂದ ಬಂದ ಎಂಜಿನ್ನನ್ನೇ ಉತ್ತರಪಾರಾದ ಕಾರ್ಖಾನೆಯಲ್ಲಿ ದಶಕಗಳ ಕಾಲ ತಯಾರಿಸಿದರು. ಎರಕದ ಕಬ್ಬಿಣದ ಬ್ಲಾಕು, ಅದರ ಮೇಲೆ ಸಿಲಿಂಡರುಗಳನ್ನು ಮುಚ್ಚುವ, ಎರಕದ ಕಬ್ಬಿಣದ್ದೇ ಹೆಡ್. ಕೆಳಗಿನ ಕ್ಯಾಮ್ ಶಾಫ್ಟಿನಿಂದ ಪುಶ್ ರಾಡ್ ಎದ್ದು, ರಾಕರ್ ಎಂಬ ಸಣ್ಣ ಸನ್ನೆಯನ್ನು ತಳ್ಳಿ, ಗಾಳಿ ಮತ್ತು ಹೊಗೆಯ ಬಾಗಿಲಾದ ವಾಲ್ವ್ ತೆರೆಯುತ್ತದೆ. ಇದರಲ್ಲಿ ಬಚ್ಚಿಟ್ಟದ್ದು ಏನೂ ಇಲ್ಲ. ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಹೊಸ ಗಾಡಿಗಳ ಬಾನೆಟ್ ಎತ್ತಿದರೆ ಪ್ಲಾಸ್ಟಿಕ್ ಮುಚ್ಚಳ ನೋಡಿ ಮತ್ತೆ ಇಳಿಸುವುದೇ ಕೆಲಸ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಪ್ಲಗ್ ಬದಲಿಸಿದೆ, ಪಾಯಿಂಟ್ ಮತ್ತು ಕಂಡೆನ್ಸರ್ ಹೊಸದು ಹಾಕಿದೆ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದೆ. ಏನೂ ಆಗಲಿಲ್ಲ. ಆಮೇಲೆ ಎಂಜಿನ್ ಓಡುತ್ತಿರುವಾಗ ಒಂದೊಂದೇ ಪ್ಲಗ್ಗಿನ ವೈರು ಕಿತ್ತು ನೋಡಿದೆ. ರಬ್ಬರ್ ಹಿಡಿಯ ಇಕ್ಕಳದಿಂದ ಮಾಡಬೇಕಾದ ಕೆಲಸ. ಕೈಯಿಂದ ಮಾಡಿದವರು ಎರಡನೆಯ ಸಲ ಕೈಯಿಂದ ಮಾಡುವುದಿಲ್ಲ. ಒಂದನೆಯ ಮತ್ತು ನಾಲ್ಕನೆಯ ವೈರು ಕಿತ್ತಾಗ ಎಂಜಿನ್ ಮುಗ್ಗರಿಸಿ ಸಾಯುವಂತಾಯಿತು. ಎರಡು, ಮೂರನ್ನು ಕಿತ್ತಾಗ ಅಷ್ಟೇನೂ ಬೇಸರಪಟ್ಟುಕೊಳ್ಳಲಿಲ್ಲ. ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎನ್ನುವ ಸಂಬಂಧಿಕರ ಹಾಗೆ.

ಅಂಬಾಸಿಡರ್‌ಗೆ ಮುಂದಿನಿಂದ ಹ್ಯಾಂಡಲ್ ತೂರಿಸಿ ತಿರುಗಿಸುವ ಸೌಕರ್ಯ ಇದೆ. ಉಪಕರಣ ಕೊಳ್ಳುವ ಮೊದಲು ಅದನ್ನೇ ಬಳಸಿ ನೋಡಿದೆ. ಇಗ್ನಿಷನ್ ಆಫ್ ಮಾಡಿ, ಪ್ಲಗ್ಗುಗಳು ಇದ್ದ ಹಾಗೆಯೇ ಇರಲು ಬಿಟ್ಟು ನಿಧಾನವಾಗಿ ತಿರುಗಿಸಿದರೆ ಪ್ರತಿ ಅರ್ಧ ಸುತ್ತಿಗೆ ಒಂದು ಸಿಲಿಂಡರ್ ಕೈಗೆ ಎದುರು ಒತ್ತುತ್ತದೆ. ನನಗೆ ಸಿಕ್ಕಿದ್ದು ಗಟ್ಟಿ, ಸಡಿಲ, ಗಟ್ಟಿ, ಸಡಿಲ. ಈ ಎಂಜಿನ್ನಿನಲ್ಲಿ ಸಿಡಿಯುವ ಸರದಿ ಒಂದು, ಮೂರು, ನಾಲ್ಕು, ಎರಡು. ಎರಡು ಮತ್ತು ಮೂರು ಬ್ಲಾಕಿನಲ್ಲಿ ಅಕ್ಕಪಕ್ಕದ ಮನೆಯವರಾದರೂ ಸರದಿಯಲ್ಲಿ ಒಂದು ಬಿಟ್ಟು ಒಂದು ಬರುತ್ತವೆ. ಹಾಗಾಗಿ ಸೋತವೂ ಗೆದ್ದವೂ ತಾಳ ತಪ್ಪದೆ ಬರುತ್ತಿದ್ದವು. ಮಾವನಂಥ ಹಳೆಯ ಚಾಲಕರ ಕಿವಿಗೂ ಮಿಸ್ಸಿಂಗ್ ಬೀಳದಿದ್ದುದಕ್ಕೆ ಕಾರಣ ಇದೇ ಇರಬೇಕು. ಒಂದೇ ಸಿಲಿಂಡರ್ ಸೋತಿದ್ದರೆ ಕುಂಟುವುದು ಗೊತ್ತಾಗುತ್ತಿತ್ತು.

ಮೊದಲ ಭಾನುವಾರ, ಸಿಲಿಂಡರಿನಲ್ಲಿ ಒತ್ತಿದ ಗಾಳಿಯ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ತಂದೆ. ಪ್ಲಗ್ಗಿನ ಜಾಗದಲ್ಲಿ ತಿರುಪಿ ಕೂರಿಸುವ ಬಗೆಯದು. ರಬ್ಬರ್ ಮೂತಿಯನ್ನು ಕೈಯಿಂದ ಒತ್ತಿ ಹಿಡಿಯುವ ಗೇಜೂ ಸಿಗುತ್ತದೆ, ಅಗ್ಗ. ಆದರೆ ಅದರಲ್ಲಿ ಅಳತೆಯಾಗುವುದು ಎಂಜಿನ್ನೋ ನಮ್ಮ ತೋಳೋ ಹೇಳುವುದು ಕಷ್ಟ. ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಕಾಯಿಲ್ ವೈರು ಕಳಚಿ, ಮಗನಿಗೆ ಸೆಲ್ಫ್ ಹೊಡೆಯಲು ಹೇಳಿದೆ. ಒಂದರಿಂದ ನಾಲ್ಕಕ್ಕೆ ಬಂದದ್ದು, ಚದರ ಇಂಚಿಗೆ ಪೌಂಡಿನ ಲೆಕ್ಕದಲ್ಲಿ, 90, 65, 55, 80. ಎದೆ ಧಸಕ್ಕೆಂದಿತು. ನಾಲ್ಕೂ ಹೋಗಿವೆ, ಸಿಲಿಂಡರ್ ಕೊರೆಸಿ ಬೋರ್ ಮಾಡಿಸಬೇಕು, ಇನ್ನು ಮಾವನ ಮುಖ ನೋಡುವುದು ಹೇಗೆ ಎಂದೆಲ್ಲ ಯೋಚಿಸಿದೆ.

ತಪ್ಪು ನನ್ನದೇ. ಆಕ್ಸಿಲರೇಟರ್ ಒತ್ತಿ ಹಿಡಿಯಲು ಮಗನಿಗೆ ಹೇಳಿರಲಿಲ್ಲ. ಕಾರ್ಬ್ಯುರೇಟರಿನ ಬಾಯಿ ಮುಚ್ಚಿದ್ದರೆ ಸಿಲಿಂಡರಿಗೆ ಹೋಗುವ ಗಾಳಿಯೇ ಕಡಿಮೆ. ಗಾಳಿಯೇ ಹೋಗದಿದ್ದರೆ ಒತ್ತುವುದು ಏನನ್ನು? ಕಾರ್ಖಾನೆಯಲ್ಲಿ ಹೊಸ ಹುಡುಗರಿಗೆ ಸಕ್ಷನ್ ಫಿಲ್ಟರ್ ಬಗ್ಗೆ ಪಾಠ ಹೇಳುವ ನಾನೇ ಹೀಗೆ ಮಾಡಿದ್ದೆ. ಎರಡನೆಯ ಎಡವಟ್ಟೂ ಒಂದಿತ್ತು: ಬ್ಯಾಟರಿ ಹಳೆಯದು. ಒಂದನೆಯ ಸಿಲಿಂಡರಿಗೆ ಸೆಲ್ಫ್ ಚುರುಕಾಗಿ ತಿರುಗಿದರೆ ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಮುಲುಗುತ್ತಿತ್ತು. ತಿರುಗುವ ವೇಗ ಇಳಿದರೆ ಅಂಕಿಯೂ ಇಳಿಯುತ್ತದೆ. ಬ್ಯಾಟರಿಯನ್ನು ರಾತ್ರಿಯಿಡೀ ಚಾರ್ಜಿಗೆ ಹಾಕಿ, ಮರುದಿನ ಸಂಜೆ ಥ್ರಾಟಲ್ ಪೂರ್ತಿ ತೆರೆದು, ಚೋಕ್ ಬಿಟ್ಟಿದೆಯೇ ನೋಡಿ, ಪ್ರತಿಯೊಂದಕ್ಕೂ ಎಣಿಸಿ ಆರೇ ಆರು ಒತ್ತಿನಂತೆ ಅಳೆದೆ. ಒಂದರಿಂದ ನಾಲ್ಕಕ್ಕೆ ಒಂದು ಸಲ, ನಾಲ್ಕರಿಂದ ಒಂದಕ್ಕೆ ಇನ್ನೊಂದು ಸಲ. ಎರಡರಲ್ಲೂ ಸುಮಾರು ಒಂದೇ ಬಂತು: 120, 85, 75, 115.

ಇಲ್ಲಿ ಒಂದು ಮಾತು. ಪುಸ್ತಕದಲ್ಲಿ ಕೊಡುವ ಅಂಕಿಯನ್ನು ಮೈಸೂರಿನಲ್ಲಿ ಹಾಗೆಯೇ ಹುಡುಕಿದರೆ ಸಿಗುವುದಿಲ್ಲ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಮೇಲಿದೆ. ಗಾಳಿಯ ಒತ್ತಡವೇ ಶೇಕಡಾ ಎಂಟೊಂಬತ್ತು ಕಡಿಮೆ. ಮಂಗಳೂರಿನಲ್ಲಿ 130 ಪೌಂಡು ತೋರಿಸುವ ಎಂಜಿನ್ ಇಲ್ಲಿ 119ರ ಆಸುಪಾಸು ತೋರಿಸುತ್ತದೆ. ಅದು ಕಾಯಿಲೆಯಲ್ಲ, ಭೂಗೋಳ. ಇದನ್ನು ತಿಳಿಯದೆ ಚೆನ್ನಾಗಿರುವ ಎಂಜಿನ್ ಬಿಚ್ಚಿಸಿದವರನ್ನು ನಾನು ಬಲ್ಲೆ. ನೋಡಬೇಕಾದದ್ದು ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರ. ಅತಿ ಹೆಚ್ಚು ಬಂದದ್ದಕ್ಕಿಂತ ಅತಿ ಕಡಿಮೆ ಬಂದದ್ದು ಶೇಕಡಾ ಹತ್ತು ಹದಿನೈದರೊಳಗೆ ಇದ್ದರೆ ನಾನು ಸುಮ್ಮನಿರುತ್ತೇನೆ. ಇಲ್ಲಿ 120ಕ್ಕೆ 75. ಶೇಕಡಾ ಮೂವತ್ತೇಳು ಕಡಿಮೆ.

ಅಂತಿಮ ಅಂಕಿಯಷ್ಟೇ ಅಲ್ಲ, ಮುಳ್ಳು ಹೇಗೆ ಏರುತ್ತದೆ ಎಂಬುದನ್ನೂ ಬರೆದಿಟ್ಟುಕೊಂಡಿದ್ದೆ. ಒಂದನೆಯದು ಮೊದಲ ಒತ್ತಿಗೇ 75ಕ್ಕೆ ನೆಗೆದು ಮೂರು ನಾಲ್ಕು ಒತ್ತಿನಲ್ಲಿ ಮೇಲೆ ಹೋಗಿ ನಿಲ್ಲುತ್ತಿತ್ತು. ಮೂರನೆಯದು ಮೊದಲ ಒತ್ತಿಗೆ 40, ಆಮೇಲೆ ಮೆಟ್ಟಿಲಿಗೊಮ್ಮೆ ಕೂರುವ ಅಜ್ಜಿಯ ಹಾಗೆ ಅಷ್ಟಷ್ಟೇ. ಪಿಸ್ಟನ್ನಿನ ಸುತ್ತ ಸಂದು ಮುಚ್ಚುವ ರಿಂಗ್ ಸವೆದಿದ್ದರೆ ಮೊದಲು ಕಡಿಮೆ ಬಂದರೂ ಒತ್ತು ಒತ್ತಿಗೆ ಏರುತ್ತ ಹೋಗುವುದು ಹೆಚ್ಚು. ವಾಲ್ವ್ ಸೋರಿದರೆ ಕೊನೆಯವರೆಗೂ ಏರದೆ ಕೂತುಬಿಡುವುದು ಹೆಚ್ಚು. ಇದು ಸುಳಿವು ಮಾತ್ರ, ತೀರ್ಪಲ್ಲ.

ಎಣ್ಣೆ ಹಾಕಿ ಅಳೆಯುವ ಪರೀಕ್ಷೆಯನ್ನು ಎಲ್ಲರೂ ಬಲ್ಲರು. ಪ್ಲಗ್ಗಿನ ತೂತಿನಿಂದ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟರೆ ಅದು ರಿಂಗಿನ ಸುತ್ತ ಹರಡಿ ಸಂದು ಮುಚ್ಚುತ್ತದೆ. ಅಂಕಿ ನೆಗೆದರೆ ದೋಷ ರಿಂಗಿನಲ್ಲಿ. ನೆಗೆಯದಿದ್ದರೆ ವಾಲ್ವ್ ಅಥವಾ ಹೆಡ್ಡಿಗೂ ಬ್ಲಾಕಿಗೂ ನಡುವೆ ಕೂರುವ ಗ್ಯಾಸ್ಕೆಟ್‌ನಲ್ಲಿ. ಆದರೆ ಎಷ್ಟು ಎಣ್ಣೆ ಎಂಬುದನ್ನು ಯಾರೂ ಹೇಳುವುದಿಲ್ಲ; ಗ್ಯಾರೇಜುಗಳಲ್ಲಿ ಆಯಿಲ್ ಕ್ಯಾನನ್ನು ಧಾರಾಳವಾಗಿ ಬಗ್ಗಿಸುವುದನ್ನು ನೋಡಿದ್ದೇನೆ. ಲೆಕ್ಕ ಹಾಕಿ. ಈ ಎಂಜಿನ್ನಿನ ಒಂದು ಸಿಲಿಂಡರ್ 372 ಸಿಸಿ. ಪಿಸ್ಟನ್ ಮೇಲಕ್ಕೆ ಬಂದಾಗ ಉಳಿಯುವ ಜಾಗ ಅರವತ್ತು ಸಿಸಿಯ ಆಸುಪಾಸು. ಅದರಲ್ಲಿ ಇಪ್ಪತ್ತು ಮಿಲಿಲೀಟರ್ ಎಣ್ಣೆ ಸುರಿದರೆ ಮೂರರಲ್ಲಿ ಒಂದು ಪಾಲು ಜಾಗ ಎಣ್ಣೆಯೇ ತಿಂದಿತು; ರಿಂಗ್ ಹೇಗೇ ಇರಲಿ, ಒತ್ತಡ ಏರಲೇಬೇಕು. ನಾನು ಮಗುವಿಗೆ ಔಷಧಿ ಕುಡಿಸುವ ಸಣ್ಣ ಅಳತೆಯಲ್ಲಿ ಐದು ಮಿಲಿಲೀಟರ್ ಮಾತ್ರ ಬಿಟ್ಟೆ, ನಾಲ್ಕಕ್ಕೂ ಸಮನಾಗಿ. ಬಂದದ್ದು 132, 92, 82, 126. ಎಲ್ಲವೂ ಒಂದಿಷ್ಟು ಏರಿದವು, ಅಂತರ ಹಾಗೆಯೇ ಉಳಿಯಿತು. ರಿಂಗುಗಳು ನಿರ್ದೋಷಿ.

ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿವೆ, ಎಣ್ಣೆ ಹಾಕಿದರೂ ಅಂತರ ಮುಚ್ಚಲಿಲ್ಲ. ಇದನ್ನು ಹೇಳಿದರೆ ಯಾವ ಮೇಸ್ತ್ರಿಯೂ ಗಾಡಿಯನ್ನು ನೋಡದೆಯೇ ಉತ್ತರ ಕೊಡುತ್ತಾನೆ. ನನ್ನ ಪರಿಚಯದ ಹಿರಿಯ ಮೇಸ್ತ್ರಿಯೊಬ್ಬರನ್ನು ಕೇಳಿದೆ. ಚಹಾದ ಲೋಟ ಕೆಳಗಿಡದೆ ಹೇಳಿದರು: "ಇದರಲ್ಲಿ ಕೇಳುವುದೇನಿದೆ ಸ್ವಾಮಿ? ನಡುಗೋಡೆ ಹೋಗಿದೆ. ಹೆಡ್ ಗ್ಯಾಸ್ಕೆಟ್ ಹಾಕಿ." ಎರಡು ಸಿಲಿಂಡರಿನ ನಡುವೆ ಗ್ಯಾಸ್ಕೆಟ್‌ನ ಪಟ್ಟಿ ಕಿರಿದು. ಅದು ಸುಟ್ಟರೆ ಒಂದರ ಒತ್ತಡ ಇನ್ನೊಂದಕ್ಕೆ ನುಗ್ಗಿ ಎರಡೂ ಕೆಡುತ್ತವೆ. ಅವರ ಮಾತಿನಲ್ಲಿ ತಪ್ಪಿಲ್ಲ. ಹತ್ತರಲ್ಲಿ ಏಳೆಂಟು ಸಲ ಅದೇ ಇರುತ್ತದೆಂದು ನಾನೂ ಒಪ್ಪುತ್ತೇನೆ. ನನ್ನನ್ನು ತಡೆದದ್ದು ಎರಡು ಸಂಗತಿ. ಗ್ಯಾಸ್ಕೆಟ್ ಸುಟ್ಟಿದ್ದರೆ ಒಂದು ದಿನ ಇದ್ದಕ್ಕಿದ್ದಂತೆ ಶಕ್ತಿ ಕುಸಿಯುವುದು ವಾಡಿಕೆ. ಮಾವನನ್ನು ಫೋನಿನಲ್ಲಿ ಬಿಡಿಸಿ ಬಿಡಿಸಿ ಕೇಳಿದಾಗ ಐದಾರು ತಿಂಗಳಿಂದ ಸ್ವಲ್ಪ ಸ್ವಲ್ಪವೇ ಇಳಿಯುತ್ತ ಬಂದಿದೆ ಎಂದರು. ಇನ್ನೊಂದು, 85 ಮತ್ತು 75 ನಡುವಿನ ಹತ್ತು ಪೌಂಡಿನ ವ್ಯತ್ಯಾಸ. ನಡುವೆ ದಾರಿ ಬಿದ್ದಿದ್ದರೆ ಎರಡೂ ಇನ್ನಷ್ಟು ಹತ್ತಿರ ಇರಬೇಕಿತ್ತಲ್ಲವೇ? ಗಟ್ಟಿ ಸಾಕ್ಷ್ಯವಲ್ಲ, ಆದರೂ ಮನಸ್ಸು ಒಪ್ಪಲಿಲ್ಲ.

ಎರಡನೆಯ ಭಾನುವಾರ ಗಾಳಿ ತುಂಬಿ ನೋಡುವುದೆಂದು ನಿಶ್ಚಯಿಸಿದೆ. ಹಳೆಯ ಪ್ಲಗ್ ಒಂದರ ಪಿಂಗಾಣಿ ಒಡೆದು ತೆಗೆದು, ಉಳಿದ ಲೋಹದ ಮೈಗೆ ಹಿತ್ತಾಳೆಯ ನಳಿಕೆ ಬೆಸೆಸಿಕೊಂಡೆ. ಪಕ್ಕದ ಪಂಕ್ಚರ್ ಅಂಗಡಿಯ ಹುಡುಗ ಭಾನುವಾರದ ಮಟ್ಟಿಗೆ ಸಣ್ಣ ಕಂಪ್ರೆಸರ್ ಕೊಟ್ಟ. ಸೋರಿಕೆಯನ್ನು ಶೇಕಡಾವಾರು ತೋರಿಸುವ ಎರಡು ಗೇಜಿನ ಉಪಕರಣ ಬೇರೆಯೇ ಇದೆ, ನನ್ನಲ್ಲಿಲ್ಲ. ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ಕಿವಿ ಸಾಕು.

ಉಪಾಯ ಸರಳ. ಒಂದು ಸಿಲಿಂಡರಿನ ಪಿಸ್ಟನ್ ಒತ್ತುವ ಹೊಡೆತದ ತುತ್ತತುದಿಗೆ ಬಂದಾಗ ಎರಡೂ ವಾಲ್ವ್ ಮುಚ್ಚಿರುತ್ತವೆ. ಆಗ ಪ್ಲಗ್ಗಿನ ತೂತಿನಿಂದ ಗಾಳಿ ಬಿಟ್ಟರೆ ಅದು ಎಲ್ಲಿಂದ ಹೊರಬರುತ್ತದೋ ಅಲ್ಲೇ ದೋಷ. ಕಾರ್ಬ್ಯುರೇಟರಿನಲ್ಲಿ ಸದ್ದು ಬಂದರೆ ಒಳಗಾಳಿಯ ವಾಲ್ವ್, ಸೈಲೆನ್ಸರಿನಲ್ಲಿ ಬಂದರೆ ಹೊಗೆಯ ವಾಲ್ವ್, ಆಯಿಲ್ ಹಾಕುವ ಬಾಯಿಯಲ್ಲಿ ಬಂದರೆ ರಿಂಗ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಅಥವಾ ಹೆಡ್ಡಿನ ಬಿರುಕು, ಪಕ್ಕದ ಪ್ಲಗ್ಗಿನ ತೂತಿನಲ್ಲಿ ಬಂದರೆ ಮೇಸ್ತ್ರಿ ಹೇಳಿದ ನಡುಗೋಡೆ.

ತುದಿ ಹುಡುಕುವುದಕ್ಕೆ, ಪ್ಲಗ್ಗುಗಳಿಗೆ ಕಿಡಿ ಹಂಚುವ ರೋಟರ್ ಯಾವ ವೈರಿನ ಕಡೆ ನೋಡುತ್ತಿದೆ ಎಂಬುದನ್ನು ನೋಡಿ, ಮದ್ದೂರಿನಲ್ಲಿ ಎಳನೀರು ಕುಡಿದಾಗ ಡ್ಯಾಶ್‌ಬೋರ್ಡಿನಲ್ಲಿ ಉಳಿದಿದ್ದ ಪ್ಲಾಸ್ಟಿಕ್ ಕೊಳವೆಯನ್ನು ತೂತಿನಲ್ಲಿ ಇಳಿಬಿಟ್ಟೆ. ಹ್ಯಾಂಡಲ್ ತಿರುಗಿಸಿದಂತೆ ಕೊಳವೆ ಮೇಲೇರಿ ನಿಂತು ಇಳಿಯಲು ತೊಡಗುತ್ತದೆ. ನಿಂತ ಜಾಗವೇ ತುದಿ. ಕಬ್ಬಿಣದ ಕಡ್ಡಿ ಹಾಕಿದರೆ ಪಿಸ್ಟನ್ ಗೀಚುತ್ತದೆ. ಆಮೇಲೆ ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟೆ. ಕೂದಲೆಳೆಯಷ್ಟು ಆಚೀಚೆ ಇದ್ದರೂ ಗಾಳಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳಿ ಇಡೀ ಎಂಜಿನ್ನನ್ನು ತಿರುಗಿಸುತ್ತದೆ. ಆಗ ಹ್ಯಾಂಡಲ್ ಅದರಲ್ಲೇ ಉಳಿದಿದ್ದರೆ, ಅದರ ಹತ್ತಿರ ಯಾರಾದರೂ ನಿಂತಿದ್ದರೆ, ಮುಂಗೈ ಮುರಿಯುತ್ತದೆ. ಹ್ಯಾಂಡಲ್ ತೆಗೆದು ದೂರ ಇಟ್ಟ ಮೇಲೆಯೇ ಕವಾಟ ತೆರೆಯುವುದು. ಇದೊಂದನ್ನು ನಾನು ಬಾಯಲ್ಲಿ ಹೇಳಿಕೊಂಡು ಮಾಡುತ್ತೇನೆ.

ಅಂದು ಮಾವ ಮಂಡ್ಯದಿಂದ ಬಂದಿದ್ದರು. ಗಾಳಿಯ ಜಾಡು ತಿಳಿಯಲು ಊದುಬತ್ತಿ ಹಚ್ಚೋಣ ಎಂದು ಒಳಗಿನಿಂದ ಒಂದು ಕಟ್ಟು ಹಿಡಿದು ಬಂದರು. ಪೆಟ್ರೋಲ್ ಆವಿ ತುಂಬಿದ ಎಂಜಿನ್ನಿನ ಪಕ್ಕದಲ್ಲಿ! "ದೇವರಿಗೇ ಹಚ್ಚಿ ಮಾವ, ಇಲ್ಲಿ ಬೇಡ" ಎಂದು ಕೈ ಮುಗಿದು ಸೈಲೆನ್ಸರಿನ ಬಳಿ ಕೂರಿಸಿದೆ.

ಮೊದಲು ಚೆನ್ನಾಗಿರುವ ಒಂದನೆಯದಕ್ಕೆ 40 ಪೌಂಡು ಗಾಳಿ ಕೊಟ್ಟೆ. ಆರೋಗ್ಯವಂತ ಎಂಜಿನ್ನಿನಲ್ಲೂ ರಿಂಗಿನ ಸಂದಿನಿಂದ ಸ್ವಲ್ಪ ಗಾಳಿ ಇಳಿಯುತ್ತದೆ. ಆಯಿಲ್ ಬಾಯಿಯಲ್ಲಿ ಮೆಲ್ಲಗೆ ಉಸಿರಾಡಿದ ಹಾಗೆ ಕೇಳಿಸುತ್ತದೆ. ಆ ಸದ್ದನ್ನು ಕಿವಿಗೆ ಪರಿಚಯ ಮಾಡಿಕೊಳ್ಳದೆ ಕೆಟ್ಟದ್ದನ್ನು ಕೇಳಿದರೆ ಎಲ್ಲವೂ ಕೆಟ್ಟದ್ದೇ. ನಂತರ ಎರಡನೆಯದಕ್ಕೆ ಬಿಟ್ಟೆ. ಹಿಂದಿನಿಂದ ಮಾವ ಕೂಗಿದರು: "ಇಲ್ಲಿ ಹಾವು ಬುಸುಗುಟ್ಟುತ್ತಿದೆ!" ಮೂರನೆಯದಕ್ಕೆ ಬಿಟ್ಟಾಗ ಹಾವು ಇನ್ನೂ ದೊಡ್ಡದಾಯಿತು. ರೇಡಿಯೇಟರಿನಲ್ಲಿ ಒಂದು ಗುಳ್ಳೆಯೂ ಇಲ್ಲ. ಗೆದ್ದೆ ಎಂದುಕೊಂಡೆ. ಹೊಗೆಯ ವಾಲ್ವ್, ಎರಡರಲ್ಲೂ. ಮೇಸ್ತ್ರಿಗೆ ಆಗಲೇ ಫೋನ್ ಮಾಡಿ ಹೇಳಲು ಕೈ ತುಡಿಯಿತು, ಮಾಡಲಿಲ್ಲ, ಪುಣ್ಯ.

ರಾತ್ರಿ ಮಲಗಿದಾಗ ತಲೆಗೆ ಹೊಳೆಯಿತು. ಈ ಎಂಜಿನ್ನಿನಲ್ಲಿ ಎರಡು ಮತ್ತು ಮೂರರ ಪಿಸ್ಟನ್ನುಗಳು ಜೊತೆಯಾಗಿಯೇ ಏರಿ ಇಳಿಯುತ್ತವೆ. ಎರಡನೆಯದು ಒತ್ತುವ ತುದಿಯಲ್ಲಿರುವಾಗ ಮೂರನೆಯದೂ ತುದಿಯಲ್ಲೇ ಇರುತ್ತದೆ, ಆದರೆ ಅದು ಹೊಗೆ ಬಿಟ್ಟು ಮುಗಿಸಿ ಗಾಳಿ ಎಳೆಯಲು ತೊಡಗುವ ಗಳಿಗೆ. ಆ ಗಳಿಗೆಯಲ್ಲಿ ಅದರ ಎರಡೂ ವಾಲ್ವ್ ಒಂದಿಷ್ಟು ತೆರೆದಿರುತ್ತವೆ. ಅಂದರೆ ಗ್ಯಾಸ್ಕೆಟ್‌ನ ನಡುಗೋಡೆ ಸುಟ್ಟಿದ್ದರೂ ಎರಡರ ಗಾಳಿ ಮೂರಕ್ಕೆ ನುಗ್ಗಿ, ಮೂರರ ತೆರೆದ ಹೊಗೆಯ ವಾಲ್ವಿನಿಂದ ಸೈಲೆನ್ಸರಿಗೆ ಹೋಗಿ, ಮಾವನಿಗೆ ಅದೇ ಹಾವಾಗಿ ಕೇಳಿಸುತ್ತಿತ್ತು! ಅದೂ ಸಾಲದೆಂಬಂತೆ ಈ ಹೆಡ್ಡಿನಲ್ಲಿ ಎರಡು ಮತ್ತು ಮೂರರ ಹೊಗೆ ಹೋಗುವುದಕ್ಕೆ ಇರುವುದು ಒಂದೇ ಕಿಂಡಿ. ನನ್ನ ಸಾಕ್ಷ್ಯ ಎರಡೂ ಕಡೆಗೆ ಹೇಳಿಕೆ ಕೊಡುವ ಸಾಕ್ಷಿಯಾಗಿತ್ತು.

ಮರುದಿನ ರಜೆ ಹಾಕಿದೆ. ರಾಕರಿನ ಮುಚ್ಚಳ ತೆಗೆದು ಮೂರನೆಯ ಸಿಲಿಂಡರಿನ ಎರಡೂ ಟ್ಯಾಪೆಟ್ ತಿರುಪುಗಳನ್ನು ಪೂರ್ತಿ ಸಡಿಲಿಸಿದೆ; ಈಗ ಅದರ ವಾಲ್ವುಗಳು ಸ್ಪ್ರಿಂಗಿನ ಬಲದಿಂದ ಮುಚ್ಚಿಯೇ ಇರಬೇಕು. ಮೂರರ ಪ್ಲಗ್ಗಿನ ತೂತಿಗೆ ದಪ್ಪ ಸಾಬೂನು ನೀರಿನ ಪೊರೆ ಹಿಡಿಸಿದೆ. ಎರಡಕ್ಕೆ ಗಾಳಿ ಬಿಟ್ಟೆ. ಸೈಲೆನ್ಸರಿನಲ್ಲಿ ಅದೇ ಬುಸ್. ಪೊರೆ ಅಲುಗಲಿಲ್ಲ. ನಡುಗೋಡೆ ಗಟ್ಟಿಯಾಗಿಯೇ ಇತ್ತು. ಗಾಳಿ ಹೋಗುತ್ತಿದ್ದದ್ದು ಎರಡರದ್ದೇ ಹೊಗೆಯ ವಾಲ್ವಿನಿಂದ.

ಕೈ ಅಲ್ಲೇ ಇತ್ತಾದ್ದರಿಂದ ಎರಡರ ಹೊಗೆಯ ವಾಲ್ವಿನ ತಿರುಪನ್ನೂ ಸ್ವಲ್ಪ ಸಡಿಲಿಸಿದೆ. ಬುಸುಗುಟ್ಟುವುದು ಅರ್ಧಕ್ಕರ್ಧ ಇಳಿಯಿತು.

ಆ ಕ್ಷಣದಲ್ಲಿ ಯುಗಾದಿಯ ಮಾತು ನೆನಪಾಯಿತು. ಟ್ಯಾಪೆಟ್ ಸದ್ದೇ ಇಲ್ಲ.

ರಾಕರ್ ಮತ್ತು ವಾಲ್ವಿನ ನಡುವೆ ಸಣ್ಣ ಸಂದು ಇರಲೇಬೇಕು. ಬಿಸಿಗೆ ವಾಲ್ವ್ ಉದ್ದವಾಗುತ್ತದೆ. ಸಂದು ಇಲ್ಲದಿದ್ದರೆ ಅದು ಪೂರ್ತಿ ಕೂರುವುದೇ ಇಲ್ಲ. ಈ ಎಂಜಿನ್ನಿಗೆ ನಾನು ಇಡುವ ಸಂದು 15 ಥೌ, ಅಂದರೆ ಇಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಹದಿನೈದು ಪಾಲು. ಹಳೆಯ ಅಂಬಾಸಿಡರ್ ಟಕಟಕ ಎನ್ನುವುದು ಆ ಸಂದಿನ ಸದ್ದು. ಎರಡು ಮತ್ತು ಮೂರನ್ನು ಬಿಚ್ಚಿಯಾಗಿತ್ತು, ಅವುಗಳ ಹಳೆಯ ಸಂದು ಎಷ್ಟಿತ್ತೆಂದು ನೇರವಾಗಿ ಅಳೆಯುವ ಅವಕಾಶವನ್ನು ನಾನೇ ಕಳೆದುಕೊಂಡಿದ್ದೆ. ಆದರೆ ತಿರುಪುಗಳ ಮೇಲೆ ಬಿಚ್ಚುವ ಮೊದಲು ಬಿಳಿ ಬಣ್ಣದ ಗೆರೆ ಹಾಕಿದ್ದೆ. ಗೆರೆಗೆ ಗೆರೆ ಕೂಡಿಸಿ ನೋಡಿದಾಗ ಆ ಎರಡು ಹೊಗೆಯ ವಾಲ್ವುಗಳಿಗೆ ಸಂದು ಅಳೆಯುವ ಫೀಲರ್ ಗೇಜಿನ ಅತಿ ತೆಳುವಾದ ಎಲೆಯೂ ತೂರಲಿಲ್ಲ. ಒಂದು ಮತ್ತು ನಾಲ್ಕರ ಹೊಗೆಯ ವಾಲ್ವುಗಳಲ್ಲಿ 9, 10 ಥೌ ಇತ್ತು. ಗಾಳಿ ಎಳೆಯುವ ವಾಲ್ವುಗಳೆಲ್ಲ 14, 15. ಹೊಗೆಯ ಕಡೆ ಮಾತ್ರ ಸಂದು ಕರಗಿದೆ, ಅದೂ ನಡುವಿನ ಎರಡರಲ್ಲಿ ಪೂರ್ತಿ.

ಯಾಕೆ ನಡುವಿನವು? ಹೆಡ್ಡಿನ ಮೇಲೆ ಎಂಟು ವಾಲ್ವುಗಳನ್ನು ಮುಂದಿನಿಂದ ಎಣಿಸಿ: ಹೊಗೆ, ಗಾಳಿ, ಗಾಳಿ, ಹೊಗೆ, ಹೊಗೆ, ಗಾಳಿ, ಗಾಳಿ, ಹೊಗೆ. ನಾಲ್ಕನೆಯದೂ ಐದನೆಯದೂ ಎರಡೂ ಹೊಗೆಯವು, ಒಂದಕ್ಕೊಂದು ಅಂಟಿಕೊಂಡು, ಒಂದೇ ಕಿಂಡಿಗೆ ಬೆಂಕಿ ಉಗುಳುತ್ತವೆ. ನಡುವೆ ತಣ್ಣನೆಯ ಮಿಶ್ರಣ ಬರುವ ವಾಲ್ವ್ ಇಲ್ಲ. ಹೆಡ್ಡಿನಲ್ಲೇ ಅತಿ ಬಿಸಿಯಾದ ಜಾಗ ಅದು.

ಇನ್ನು ಸಂದು ಕರಗಿದ್ದು ಏಕೆ? ಸವೆದರೆ ಸಂದು ಹೆಚ್ಚಬೇಕಲ್ಲ ಎಂದು ಮಾವ ಕೇಳಿದರು, ಒಳ್ಳೆಯ ಪ್ರಶ್ನೆ. ರಾಕರ್ ಸವೆದರೆ ಹೆಚ್ಚುತ್ತದೆ. ಆದರೆ ವಾಲ್ವ್ ಕೂರುವ ಸೀಟೇ ಸವೆದರೆ ವಾಲ್ವ್ ಹೆಡ್ಡಿನೊಳಕ್ಕೆ ಇಳಿಯುತ್ತದೆ, ಅದರ ಬಾಲ ಮೇಲಕ್ಕೆ ಬಂದು ರಾಕರಿಗೆ ತಾಗುತ್ತದೆ. ಈ ಹೆಡ್ಡಿನಲ್ಲಿ ಸೀಟಿಗೆ ಬೇರೆ ಉಂಗುರವಿಲ್ಲ, ಎರಕದ ಕಬ್ಬಿಣದಲ್ಲೇ ಕೊರೆದದ್ದು. ಆ ಕಾಲದ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು. ಅದರ ತೆಳುವಾದ ಲೇಪ ಸೀಟಿನ ಮೇಲೆ ಕೂತು ಕಾದ ವಾಲ್ವಿನ ಏಟನ್ನು ತಾಳುತ್ತಿತ್ತು. 2000ದಲ್ಲಿ ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತಿತು. ನಮ್ಮ ಮಕ್ಕಳ ರಕ್ತಕ್ಕೆ ಅದು ಒಳ್ಳೆಯದೇ ಆಯಿತು, ಅಂಬಾಸಿಡರ್ ಹೆಡ್ಡಿಗೆ ಅಲ್ಲ. ಆದರೂ ಊರೊಳಗೆ ನಿಧಾನವಾಗಿ ಓಡುವ ಗಾಡಿಯ ಸೀಟು ಬೇಗ ಸವೆಯುವುದಿಲ್ಲ. ಸತತ ವೇಗ, ಸತತ ಬಿಸಿ ಬೇಕು. ಮಾವನ ಮಗಳ ಮನೆ ಬೆಂಗಳೂರಿನಲ್ಲಿ. 2023ರಲ್ಲಿ ಹೊಸ ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ಅವರು ತಿಂಗಳಿಗೆ ಎರಡು ಸಲ ಎಡೆಬಿಡದೆ 90ರಲ್ಲಿ ಓಡಿಸುತ್ತ ಹೋಗಿ ಬರುತ್ತಿದ್ದರು. ಮೊದಲು ಹಳೆಯ ರಸ್ತೆಯಲ್ಲಿ ಚನ್ನಪಟ್ಟಣ, ಮದ್ದೂರು ಎಂದು ನಿಂತು ನಿಂತು ಹೋಗುತ್ತಿದ್ದಾಗ ಎಂಜಿನ್ನಿಗೂ ತಿಂಡಿಯ ವಿರಾಮ ಸಿಗುತ್ತಿತ್ತು.

ಮಾವ ಮಾತ್ರ ದೋಷವನ್ನು ಪೆಟ್ರೋಲಿಗೆ ಬೆರೆಸುವ ಎಥನಾಲ್ ಮೇಲೆ ಹೊರಿಸಿದರು. ಕಬ್ಬಿನ ಸೀಮೆಯವರು ತಮ್ಮ ಕಬ್ಬನ್ನೇ ಬೈಯುವುದು ನೋಡಲು ಚೆಂದ. ಎಥನಾಲ್ ಬೆರೆತರೆ ಹಳೆಯ ಕಾರ್ಬ್ಯುರೇಟರಿನಲ್ಲಿ ಮಿಶ್ರಣ ಒಂದಿಷ್ಟು ತೆಳುವಾಗುವುದು ನಿಜ, ಹಳೆಯ ರಬ್ಬರ್ ಪೈಪುಗಳು ಹಾಳಾಗುವುದೂ ನಿಜ. ಆದರೆ ಅದು ನಾಲ್ಕೂ ಸಿಲಿಂಡರಿಗೆ ಒಂದೇ ಬಗೆಯ ಊಟ. ನಡುವಿನ ಎರಡಕ್ಕೇ ಅಜೀರ್ಣವಾಗಲು ಬೇರೆ ಕಾರಣ ಬೇಕು.

ಎಂಟೂ ವಾಲ್ವಿಗೆ 15 ಥೌ ಇಟ್ಟೆ. ಈ ಎಂಜಿನ್ನಿಗೆ ಒಂಬತ್ತರ ಲೆಕ್ಕ ಎಂದು ಹಳಬರು ಹೇಳುತ್ತಾರೆ: ಒಂದನೆಯ ವಾಲ್ವ್ ಹೊಂದಿಸಲು ಎಂಟನೆಯದು ಪೂರ್ತಿ ತೆರೆದಿರಬೇಕು, ಎರಡನೆಯದಕ್ಕೆ ಏಳನೆಯದು, ಹೀಗೆ ಎರಡೂ ಕೂಡಿದರೆ ಒಂಬತ್ತು. ಕಷ್ಟಕ್ಕೆ ಸಿಕ್ಕ ನಾಲ್ಕು ಮತ್ತು ಐದು ಒಂದನ್ನೊಂದು ಹೊಂದಿಸಿಕೊಳ್ಳುವ ಜೋಡಿ. ಮತ್ತೆ ಕಂಪ್ರೆಷನ್ ಅಳೆದೆ. 120, 108, 92, 117. ಒಂದು ಫೀಲರ್ ಗೇಜು, ಒಂದು ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್. ಇಪ್ಪತ್ತು ಪೌಂಡಿನಷ್ಟು ವಾಪಸು ಬಂತು. ಮೊದಲ ಭಾನುವಾರ ಮೊದಲ ಕೆಲಸವಾಗಿ ರಾಕರಿನ ಮುಚ್ಚಳ ತೆಗೆದಿದ್ದರೆ ಸಾಕಿತ್ತು. ಸದ್ದಿಲ್ಲದ್ದನ್ನು ಯಾರು ಬಿಚ್ಚಿ ನೋಡುತ್ತಾರೆ ಎಂದು ನಾನೂ ಬಿಟ್ಟಿದ್ದೆ.

ಆದರೆ 92 ಸಾಲದು. ಕೂರದೆ ಸುಟ್ಟ ವಾಲ್ವ್ ಸಂದು ಕೊಟ್ಟ ಮಾತ್ರಕ್ಕೆ ಗುಣವಾಗುವುದಿಲ್ಲ. ಮೂರನೆಯ ಭಾನುವಾರ ಹೆಡ್ ಬಿಚ್ಚಿದೆವು. ಎತ್ತಲು ಇಬ್ಬರು ಬೇಕು, ಬೆನ್ನು ನೋವಿನವರು ಆ ಇಬ್ಬರಲ್ಲಿ ಇರಬಾರದು. ಪುಶ್ ರಾಡುಗಳು ತಮ್ಮ ತಮ್ಮ ಜಾಗಕ್ಕೇ ಮರಳಬೇಕಾದ್ದರಿಂದ ಮೈಸೂರು ಪಾಕಿನ ಖಾಲಿ ಡಬ್ಬಿಯ ಮುಚ್ಚಳಕ್ಕೆ ಎಂಟು ತೂತು ಕೊರೆದು ಸಾಲಾಗಿ ಚುಚ್ಚಿಟ್ಟೆ. ಗ್ಯಾಸ್ಕೆಟ್‌ನ ನಡುಪಟ್ಟಿ ಎಲ್ಲೂ ಕಪ್ಪಾಗದೆ ಹೊಳೆಯುತ್ತಿತ್ತು. ಮೂರರ ಹೊಗೆಯ ವಾಲ್ವಿನ ಅಂಚಿನಲ್ಲಿ ಇಲಿ ಕಚ್ಚಿದ ರೊಟ್ಟಿಯಂಥ ಕಚ್ಚು. ಎರಡರದ್ದು ಇನ್ನೂ ಕಚ್ಚು ಬೀಳದೆ ಗುಳಿಗುಳಿಯಾಗಿತ್ತು. ಸೀಟುಗಳು ಪಕ್ಕದವಕ್ಕಿಂತ ಕೆಳಗಿಳಿದಿದ್ದುದು ಬರಿಗಣ್ಣಿಗೇ ಕಾಣುತ್ತಿತ್ತು.

ಹಿರಿಯ ಮೇಸ್ತ್ರಿಯವರನ್ನು ಕರೆದು ತೋರಿಸಿದೆ. ವಾಲ್ವನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ಅವರೇ ಹೇಳಿದ ಮಾತು ನನಗೆ ಹೊಳೆದಿರಲಿಲ್ಲ. "ನಾನು ಗ್ಯಾಸ್ಕೆಟ್ ಹಾಕಿ ಕೊಟ್ಟಿದ್ದರೆ ಹೆಡ್ ಕೂರಿಸಿದ ಮೇಲೆ ಟ್ಯಾಪೆಟ್ ಹೊಂದಿಸಲೇಬೇಕಿತ್ತು. ಗಾಡಿ ಎರಡು ತಿಂಗಳು ಚೆನ್ನಾಗಿಯೇ ಓಡುತ್ತಿತ್ತು. ಗ್ಯಾಸ್ಕೆಟ್ಟೇ ಹೋಗಿತ್ತು ಎಂದು ನೀವೂ ನಂಬುತ್ತಿದ್ದಿರಿ, ನಾನೂ ನಂಬುತ್ತಿದ್ದೆ." ಇದನ್ನು ಹೇಳಲು ದೊಡ್ಡ ಮನಸ್ಸು ಬೇಕು. ಹಾಗೆ ಗುಣವಾದ ಎಷ್ಟು ಗ್ಯಾಸ್ಕೆಟ್‌ಗಳು ಈ ಊರಿನಲ್ಲಿ ಓಡಾಡುತ್ತಿವೆಯೋ.

ಲೇತ್ ಅಂಗಡಿಯ ಕೆಲಸದಲ್ಲಿ ನನ್ನ ಪಾಲು ಕಾಯುವುದಷ್ಟೇ. ಹೊಗೆಯ ನಾಲ್ಕೂ ಸೀಟುಗಳನ್ನು ಕೊರೆದು ಗಟ್ಟಿ ಉಕ್ಕಿನ ಉಂಗುರ ಕೂರಿಸಿದರು, ಅಲ್ಲಿಗೆ ನಾಲ್ಕು ಹೊಸ ವಾಲ್ವ್, ಹೊಸ ಗೈಡ್. ಹೆಡ್ಡಿನ ಮುಖ ಸವರಿಸಬೇಕೇ ಎಂದು ಕೇಳಿದರು. ಉಕ್ಕಿನ ಪಟ್ಟಿ ಇಟ್ಟು ನೋಡಿದಾಗ ಸಪಾಟಾಗಿಯೇ ಇತ್ತು, ಬೇಡ ಎಂದೆ. ವಾಲ್ವ್ ಉಜ್ಜಿ ಕೂರಿಸುವುದನ್ನು ಮಾತ್ರ ಮನೆಯಲ್ಲಿ ನಾನೇ ಮಾಡಿದೆ. ಹೆಡ್ಡನ್ನು ತಲೆಕೆಳಗಾಗಿಟ್ಟು ಗುಂಡಿಗಳಿಗೆ ಸೀಮೆಎಣ್ಣೆ ತುಂಬಿಸಿ ಒಂದು ಊಟದ ಹೊತ್ತು ಬಿಟ್ಟೆ. ಮರಳಿ ಬಂದಾಗ ಏಳು ಗಟ್ಟಿ, ಒಂದರಲ್ಲಿ ಕಿಂಡಿಯ ಕಡೆ ತೇವ. ಅದನ್ನು ಮತ್ತೆ ಉಜ್ಜಿದೆ. ಹೊಸ ಗ್ಯಾಸ್ಕೆಟ್ ಹಾಕಿ, ನಟ್ಟುಗಳನ್ನು ನಡುವಿನಿಂದ ಹೊರಕ್ಕೆ ಮೂರು ಸುತ್ತಿನಲ್ಲಿ ಟಾರ್ಕ್ ರೆಂಚಿನಿಂದ ಬಿಗಿದೆ.

122, 120, 118, 118. ಹ್ಯಾಂಡಲ್ ಹಾಕಿ ತಿರುಗಿಸಿದರೆ ಗಟ್ಟಿ, ಗಟ್ಟಿ, ಗಟ್ಟಿ, ಗಟ್ಟಿ.

500 ಕಿಲೋಮೀಟರ್ ಆದ ಮೇಲೆ ನಟ್ಟುಗಳ ಬಿಗಿ ನೋಡಿ ಟ್ಯಾಪೆಟ್ ಮತ್ತೆ ಹೊಂದಿಸಲು ಮಾವನನ್ನು ಕರೆಸಿದೆ. ಗಾಡಿ ಬೆಟ್ಟವನ್ನು ಮೂರನೆಯ ಗೇರಿನಲ್ಲಿ ಹತ್ತುತ್ತಿದೆ ಎಂದು ಒಪ್ಪಿಕೊಂಡರು. ಆದರೂ ಮುಖ ಗಂಟಿಕ್ಕಿಕೊಂಡೇ ಬಾನೆಟ್ ಎತ್ತಿ, ಎಂಜಿನ್ ಚಾಲೂ ಮಾಡಿ, ನನ್ನನ್ನು ಹತ್ತಿರ ಕರೆದರು.

"ಕೇಳು. ಎಷ್ಟು ಸದ್ದು ಮಾಡಿಟ್ಟಿದ್ದೀಯ."